ಬೇಸ್‌ಮೆಂಟ್ ಖಾಲಿ ಇದೆ

ವಾಷಿಂಗ್ಟನ್‌ನ ಆ ಹಳೆಯ ಬೀದಿಯಲ್ಲಿ ಮನೆ ಕೊಂಡಮೇಲೆ ನವಾಬ್, ಆಬಿದಾ ದಂಪತಿ ಬೇಸ್‌ಮೆಂಟನ್ನು ಬಾಡಿಗೆಗೆ ಕೊಡಲು ಹೊರಟರು. ಮೊದಲು ಊರಾಚೆಯ ಉಪನಗರ ಆಶ್‌ಬರ್ನಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮ ಕಡೆಯವರಿಗೆ ಮಾತ್ರ’ ಎಂದು ಹಾಕಿದರು. ನಮ್ಮ ಕಡೆಯವರು ಯಾರೂ ಆಶ್‌ಬರ್ನ್ ಬಿಟ್ಟು ಕದಲಲಿಲ್ಲ. ಕೊನೆಗೆ ಎಲ್ಲರಿಗೂ ಕಾಣುವಂತೆ ಆನ್‌ಲೈನ್ ಹಾಕಿದಾಗ ಡಾರ್ಲೀನ್ ಎಂಬಾಕೆ ತನ್ನ ತಾಯಿಗೆ ಬೇಕೆಂದು ಫೋನ್ ಮಾಡಿದಳು. ಮಾತು ಹಿಡಿಸಿ ಆಬಿದಾ ಒಪ್ಪಿಯೂಬಿಟ್ಟಳು.

ಶನಿವಾರ ಡಾರ್ಲೀನ್ ಕಾರಿನಿಂದ ಇಳಿಯುವುದನ್ನು ನವಾಬ್ ಕಿಟಕಿಯಿಂದ ನೋಡಿದ. ಕಪ್ಪು ಹೆಂಗಸು. ಮುಖ ಗಂಟಿಕ್ಕಿದ.

“ಹೋಯ್ತು ಅಂತ ಹೇಳಿಬಿಡು,” ಅಂದ. “ನಾಳೆ ಯಾರ್ಯಾರು ಬಂದು ಹೋಗ್ತಾರೋ. ಮಕ್ಕಳಿರೋ ಮನೆ.”

ಬೆಂಗಳೂರಿನಲ್ಲಿ ತನ್ನ ಹೆಸರು ಕೇಳಿದ ಕೂಡಲೇ ಬೀಗದ ಕೈ ವಾಪಸು ಇಸಿದುಕೊಂಡ ಮನೆ ಓನರನ್ನು ಇದೇ ನವಾಬ್ ವರ್ಷಗಟ್ಟಲೆ ಬೈದಿದ್ದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯ ಕಾಲ ಬಂದಾಗ ಅವಳು ಅತ್ತೆಯನ್ನೂ ಮೀರಿಸುತ್ತಾಳೆ. ಆಬಿದಾ ತಾನೇ ಏನು ಕಮ್ಮಿ? ನಗುನಗುತ್ತ ಬಾಗಿಲು ತೆಗೆದು, ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವು ಎಂದಳು.

ಡಾರ್ಲೀನ್ ಜಗಳವಾಡಲಿಲ್ಲ. ಅಮ್ಮ ಹುಟ್ಟಿದ್ದು ಹಿಂದಿನ ಬೀದಿಯಲ್ಲಿ, ಆಗ ಈ ಬೀದಿಯ ಕ್ರಯಪತ್ರಗಳಲ್ಲೇ ಕಪ್ಪುಜನರಿಗೆ ಮನೆ ಕೊಡಕೂಡದೆಂದು ಬರೆದಿರುತ್ತಿತ್ತು, ಸಾಯುವ ಮುಂಚೆ ಒಮ್ಮೆ ಇಲ್ಲಿ ಬಾಳಬೇಕೆಂಬುದು ಅಮ್ಮನ ಹಟ ಎಂದಳು. ಆಮೇಲೆ ಆಬಿದಾಳ ಮುಖವನ್ನೇ ನೋಡಿದಳು.

“ಅಮ್ಮ ಕಾರಲ್ಲೇ ಕೂತಿದ್ದಾರೆ. ನೀವೇ ಹೋಗಿ ಹೇಳಿ. ನನ್ನ ಕೈಲಾಗಲ್ಲ.”

ಆಬಿದಾ ಮೆಟ್ಟಿಲಿಳಿದಳು. ಕಾರಿನೊಳಗೆ ಅರ್ನೆಸ್ಟೀನ್ ಅಜ್ಜಿ ಚರ್ಚಿಗೆ ಹೊರಟವರ ಹಾಗೆ ಹ್ಯಾಟು ತೊಟ್ಟು ಕೂತಿದ್ದಳು. ಆಬಿದಾ ಬಾಯಿ ತೆರೆಯುವ ಮೊದಲೇ ಅಜ್ಜಿ ಕಿಟಕಿಯಿಂದ ಕೈಚಾಚಿ ಅವಳ ಕೈ ಹಿಡಿದುಕೊಂಡಳು.

“ಹೋಗಿಬಿಡ್ತಾ? ಇರಲಿ ಬಿಡು ಮಗಳೇ. ನೀನೇನು ಮಾಡ್ತೀಯ.”

ಬೈದಿದ್ದರೆ ಆಬಿದಾ ತಡೆದುಕೊಳ್ಳುತ್ತಿದ್ದಳು. ಈ ಸಮಾಧಾನ ಅವಳಿಗೆ ತಡೆಯಲಾಗಲಿಲ್ಲ. ಹಿಂದೆ ಕಿಟಕಿಯಲ್ಲಿ ಗಂಡ ನಿಂತಿದ್ದಾನೆಂದು ಗೊತ್ತಿತ್ತು.

“ಇಲ್ಲಮ್ಮ, ಹೋಗಿಲ್ಲ. ನಾನು ಸುಳ್ಳು ಹೇಳಿದೆ. ಇಳೀರಿ, ಮನೆ ನಿಮಗೇ,” ಎಂದು ಕಾರಿನ ಬಾಗಿಲಿಗೆ ಕೈ ಹಾಕಿದಳು.

ಅಜ್ಜಿ ಹಿಡಿದ ಕೈ ಬಿಟ್ಟಳು. ಮನೆಯನ್ನು ಮೇಲಿಂದ ಕೆಳಗಿನ ತನಕ ಕಣ್ತುಂಬ ನೋಡಿದಳು. ಚೆನ್ನಾಗಿದೆ ಎಂದು ತನಗೆ ತಾನೇ ಹೇಳಿಕೊಂಡಳು.

“ನಿಜ ಹೇಳಿದ್ರಿ, ಸಂತೋಷ,” ಅಂದಳು. “ಆದ್ರೆ ನಿಮ್ಮ ಕೆಳಗೆ ನನಗೆ ನಿದ್ದೆ ಬರಲ್ಲ.”

ಕಾರು ಹೊರಡಿಸೆಂದು ಮಗಳನ್ನು ಕರೆದಳು.