ಆಕಳಿಗೆ ಹಿಡಿದ ಪಥ್ಯ

ಇಂಗಳೇಶ್ವರದ ಲಕ್ಕವ್ವನ ಆಕಳು ಚಂದ್ರಿ ಈದು ಇಪ್ಪತ್ತು ದಿನವಾಗಿತ್ತು. ಮೊದಲ ವಾರ ದಿನಕ್ಕೆ ಹನ್ನೆರಡು ಲೀಟರ್ ಹಾಲು ಕೊಟ್ಟದ್ದು ಈಗ ನಾಲ್ಕಕ್ಕೆ ಇಳಿದಿತ್ತು. ಬೆನ್ನೆಲುಬು ಬೇಲಿಯ ಗೂಟಗಳಂತೆ ಎದ್ದಿತ್ತು. ಗೋದಲಿಯ ಮೇವು ಬಿಟ್ಟು ಗೋಡೆಯ ಮಣ್ಣು ನೆಕ್ಕುತ್ತಿತ್ತು. ಉಸಿರಿಗೆ ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಸೊಸೆ ದಾನೇಶ್ವರಿಗೆ ಕೊಟ್ಟಿಗೆಗೆ ಕಾಲಿಡಲೂ ಭಯ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಇನ್ನೊಂದು ಆಕಳು ಈದ ತಿಂಗಳೊಳಗೆ ಸೊರಗಿ, ಮಲಗಿ, ಮತ್ತೆ ಏಳಲೇ ಇಲ್ಲ.

ಯಾರದೋ ಕಣ್ಣು ಬಿದ್ದಿದೆ ಎಂದಳು ಲಕ್ಕವ್ವ. ಕಾಣದ ಬಾಯಿಯೊಂದು ಕೆಚ್ಚಲಿಗೆ ಅಂಟಿಕೊಂಡು ಹೀರುತ್ತದಂತೆ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಕೊಂಬಿಗೆ ಕರಿದಾರ ಕಟ್ಟಿದಳು. ಮರುದಿನ ಹಾಲು ಮೂರೇ ಲೀಟರ್. ದಾನೇಶ್ವರಿ ಅತ್ತೆಗೆ ತಿಳಿಸದೆ ನಜಮಾಳನ್ನು ಕರೆಸಿದಳು. ನಜಮಾ ಊರಿನ ಪಶುಸಖಿ; ದನಕರುಗಳ ಆರೈಕೆ ಕಲಿತು ಮನೆಮನೆಗೆ ತಿಳಿಸುವವಳು.

ನಜಮಾ ಚಂದ್ರಿಯ ಉಸಿರು ಮೂಸಿದಳು, ಪಕ್ಕೆ ಮುಟ್ಟಿದಳು. ಈದ ಮೇಲೆ ಏನು ಹಾಕುತ್ತಿದ್ದೀರಿ ಎಂದು ಕೇಳಿದಳು.

"ಹಸಿ ಬಾಣಂತಿ ಅದು. ಕಾಳು ಹಾಕಿದ್ರ ಹೊಟ್ಟಿ ಕೆಡ್ತೈತಿ. ಬರೇ ಜೋಳದ ಒಣ ಕಣಿಕಿ, ಬಿಸಿನೀರು," ಎನ್ನುತ್ತ ಲಕ್ಕವ್ವ ಒಳಗಿನಿಂದ ಬಂದಳು. "ಹತ್ತು ಆಕಳ ಬಾಣಂತನ ಮಾಡೇನಿ ನಾ. ನಿನ್ನ ಮನ್ಯಾಗ ಏನ ಅದಾವ, ಎರಡ ಕೋಳಿ?"

"ಮೂರ ಅದಾವ್ರಿ ಆಯಿ. ಮೊದಲ ವಾರ ಹಾಲು ಹೆಂಗಿತ್ರಿ?"

ಲಕ್ಕವ್ವನ ಮುಖ ಅರಳಿತು. ಬೆರಳಿನಷ್ಟು ದಪ್ಪ ಕೆನೆ, ಡೇರಿಯಲ್ಲಿ ಊರಿಗೇ ಹೆಚ್ಚಿನ ಫ್ಯಾಟು ಎಂದಳು. ಈಗ ಹಾಲು ತೆಳ್ಳಗಾಗಿ, ನೀರು ಬೆರೆಸಿದ್ದೀರಾ ಎಂದು ಡೇರಿಯವರು ಕೇಳುತ್ತಾರೆ ಎಂದಳು ದಾನೇಶ್ವರಿ.

ನಜಮಾ ದನಿ ತಗ್ಗಿಸಿದಳು. "ಆ ಕೆನಿ ಗೋದಲ್ಯಾಗಿಂದ ಬಂದದ್ದಲ್ರಿ ಆಯಿ. ಚಂದ್ರಿ ಮೈಯಾಗಿನ ಕೊಬ್ಬು ಕರಗಿ ಬಂದದ್ದು. ಹಾಲು ಮಾಡಾಕ ಬೇಕಾದ ಶಕ್ತಿ ಆಕಿ ಹೊಟ್ಟಿಗೆ ಬೀಳಲಿಲ್ಲ. ತನ್ನ ಮೈ ತಾನ ತಿನ್ನಾಕತ್ತಾಳ."

ಲಕ್ಕವ್ವ ಚಂದ್ರಿಯ ಬೆನ್ನೆಲುಬಿನ ಮೇಲೆ ಕೈಯಾಡಿಸಿದಳು. "ಹಂಗಾರ ಆ ಮೊದಲಿನ ಆಕಳನೂ ನಾನ..." ನಜಮಾ ಪಶುವೈದ್ಯರಿಗೆ ಫೋನ್ ಮಾಡಿದಳು.

ಸಂಜೆಯೊಳಗೆ ಪಶುವೈದ್ಯರು ಬಂದು ನರಕ್ಕೆ ಗ್ಲೂಕೋಸ್ ಹಾಕಿದರು. ಇನ್ನೆರಡು ದಿನ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು. ಹೆದರಿದ ಲಕ್ಕವ್ವ ಒಂದು ಬುಟ್ಟಿ ಜೋಳದ ನುಚ್ಚನ್ನು ಗೋದಲಿಗೆ ಸುರಿಯಹೋದಾಗ ನಜಮಾ ಕೈ ಹಿಡಿದಳು. ಒಮ್ಮೆಲೇ ಕಾಳು ತಿಂದರೆ ಹೊಟ್ಟೆ ಹುಳಿಯಾಗುತ್ತದೆ, ಫ್ಯಾಟು ಬೀಳುತ್ತದೆ, ಜೀವವೂ ಹೋಗಬಹುದು ಎಂದಳು. ದಿನಕ್ಕಿಷ್ಟೆಂದು ಏರಿಸುತ್ತ ನುಚ್ಚು, ಗೋವಿನಜೋಳ, ಹಿಂಡಿ ಕಲಸಿ ಹಾಕಿದರು. ಜೊತೆಗೆ ಕತ್ತರಿಸಿದ ಹಸಿಮೇವು, ಕಣಿಕೆ. ನಾಲ್ಕನೆಯ ದಿನ ಚಂದ್ರಿ ತಾನಾಗಿ ಗೋದಲಿಗೆ ಬಾಯಿ ಹಾಕಿತು. ತಿಂಗಳಲ್ಲಿ ಹಾಲು ಒಂಬತ್ತು ಲೀಟರಿಗೆ ಏರಿ ಗಟ್ಟಿಯಾಯಿತು. ಈಗ ಯಾರ ಮನೆಯ ಆಕಳು ಈದರೂ ಲಕ್ಕವ್ವನೇ ಹೋಗಿ ಗೋದಲಿ ನೋಡಿ ಬರುತ್ತಾಳೆ.

ಆಕಳು ಕಟ್ಟಿದ ಅಕ್ಕಂದಿರೇ, ಅಣ್ಣಂದಿರೇ, ಈಯುವ ಮೂರು ವಾರ ಮೊದಲೇ ಕಾಳಿನ ಮೇವನ್ನು ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ. ಈದ ಮೇಲೆ ಹಾಲು ಏರಿದಂತೆ ಅದನ್ನೂ ಏರಿಸಿ. ಮೇವು ಬಿಟ್ಟರೆ, ಉಸಿರು ಸಿಹಿ ನಾರಿದರೆ ಒಂದು ದಿನವೂ ಕಾಯದೆ ಪಶುವೈದ್ಯರನ್ನು ಕರೆಸಿ. ಹಸಿದಿದ್ದೇನೆ ಎಂದು ಹೇಳಲು ಆಕಳಿಗೆ ಮಾತು ಬಾರದು. ಬೀಳುವವರೆಗೂ ಅದು ಹಾಲು ಕೊಡುತ್ತಲೇ ಇರುತ್ತದೆ.