ಮೂರನೇ ಟವರು

ಮಮತಳ ಬೂತಿಗೆ ಫೋನೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಗಾಜಿನ ಬಾಗಿಲಿತ್ತು, ಹಳದಿ ಬೋರ್ಡಿತ್ತು, ಅಂಗವಿಕಲರ ಕೋಟಾದಲ್ಲಿ ಸಿಕ್ಕ ಮಂಜೂರಾತಿ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಬೋರೆಕೊಪ್ಪಲಿಗೆ ತಂತಿ ಎಳೆಯುವುದಿಲ್ಲ, ವೈರ್‌ಲೆಸ್ ಫೋನೇ ಬರುತ್ತದೆ ಎಂದು ಆಸೆ ಹುಟ್ಟಿಸಿದವನು ಅವಳ ಅಣ್ಣ ತಿಮ್ಮೇಶ.

ಆ ತಿಮ್ಮೇಶ ಶ್ರೀರಂಗಪಟ್ಟಣದ ಬಾಡಿಗೆ ಮಹಡಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವುದು, ಏಳುವುದು, ಮತ್ತೆ ಕೂರುವುದು ಮಾಡುತ್ತಿದ್ದ. ಹೆದ್ದಾರಿಯ ಲಾರಿಗಳಿಗೆ ಕಿಟಕಿ ಅದುರುತ್ತಿತ್ತು. ಅವನು ಕೆಲಸ ಮಾಡುವ ಫೋನ್ ಕಂಪನಿ ಕೊಟ್ಟಿದ್ದು ಮೂರೇ ಟವರು. ಊರುಗಳೋ ಪಾಂಡವಪುರದಿಂದ ನಾಗಮಂಗಲ, ಕೆ.ಆರ್. ಪೇಟೆಯವರೆಗೆ ಹರಡಿಕೊಂಡಿದ್ದವು. ಅವನು ಬರೆದ ಪ್ರೋಗ್ರಾಮು ಟವರುಗಳನ್ನು ಗುಡ್ಡದಿಂದ ಗುಡ್ಡಕ್ಕೆ ಜರುಗಿಸಿ ನೋಡುತ್ತಿತ್ತು. ಹೆಚ್ಚು ಜನಕ್ಕೆ ಸಿಗ್ನಲ್ಲು ಸಿಕ್ಕರೆ ಆ ಜಾಗ ಹಿಡಿಯುತ್ತಿತ್ತು. ಮುಂದೆ ಇನ್ನೂ ಒಳ್ಳೆಯದು ಸಿಕ್ಕೀತೆಂದು ಒಮ್ಮೊಮ್ಮೆ ಕೆಟ್ಟ ಜಾಗವನ್ನೂ ಒಪ್ಪಿಕೊಳ್ಳುತ್ತಿತ್ತು. ಹೀಗೆ ಅಲೆದು ಅಲೆದು, ಬರಬರುತ್ತ ಅಲೆದಾಟ ಕಡಿಮೆ ಮಾಡಿ, ಕೊನೆಗೆ ಒಂದು ಕಡೆ ನಿಲ್ಲುತ್ತಿತ್ತು. ಎಲ್ಲಿಂದ ಶುರುಮಾಡಿಸಿದರೂ ಮೂರನೇ ಟವರು ಕೆ.ಆರ್. ಪೇಟೆ ಕಡೆಯ ಕರಿಕಲ್ಲುಗುಡ್ಡಕ್ಕೇ ಬಂದು ನಿಂತಿತು. ಅಲ್ಲಿಂದ ಬೋರೆಕೊಪ್ಪಲಿಗೆ ಸಿಗ್ನಲ್ಲು ಮುಟ್ಟುವುದಿಲ್ಲ. ನಡುವೆ ಎತ್ತರದ ದಿಣ್ಣೆ.

ಕರಿಕಲ್ಲುಗುಡ್ಡದ ಬುಡದಲ್ಲಿರುವ ಹರಳಕಟ್ಟೆ, ಆಫೀಸಿನ ಜೀಪು ಓಡಿಸುವ ಕುಳ್ಳಯ್ಯನ ಊರು. ಅಳತೆಗೆಂದು ಬ್ಯಾಟರಿ ಹೊತ್ತು ಆ ಗುಡ್ಡ ಹತ್ತಿದ್ದವನು ಅವನೇ. ಸುದ್ದಿ ಕೇಳಿದವನೇ ನಕ್ಕ.

"ಊರೋರ್ಗೆಲ್ಲ ಯೋಳ್ಬುಟ್ಟಿವ್ನಿ ಸಾ. ಇನ್ನು ಟವರು ಬರ್ನಿಲ್ಲ ಅಂದ್ರೆ ನಮ್ಮೆಂಗಸ್ರು ನನ್ನ ಊರೊಳಿಕ್ಕೆ ಬುಡಾಕಿಲ್ಲ."

ಭಾನುವಾರ ತಿಮ್ಮೇಶ ತನ್ನೂರು ಬೋರೆಕೊಪ್ಪಲಿಗೆ ಹೋದ. ಮಮತ ಪೋಲಿಯೊ ಹೊಡೆದ ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು, ಬೂತಿನೊಳಗೆ ಕೂತು ಬೀಡಿ, ಬೆಂಕಿಪೊಟ್ಟಣ ಮಾರುತ್ತಿದ್ದಳು. ಫೋನು ಸಿಗುವ ಊರುಗಳ ಈ ಸಲದ ಪಟ್ಟಿಗೆ ಬೋರೆಕೊಪ್ಪಲು ಸೇರದಿದ್ದರೆ ಮಂಜೂರಾತಿ ರದ್ದು; ಆಮೇಲೆ ಮತ್ತೆ ಊದುಬತ್ತಿ ಹೊಸೆಯುವ ಕೂಲಿಯೇ ಗತಿ. ತಿಮ್ಮೇಶ ದಿಣ್ಣೆಯ ವಿಷಯ ಹೇಳಿದ, ಊರಿನ ಜನ ಕಡಿಮೆ ಎಂಬುದನ್ನೂ ಹೇಳಿದ. ಕಂಪ್ಯೂಟರು ಒಪ್ಪಲಿಲ್ಲ ಎಂದ.

"ಅದ್ಕೆ ಬುದ್ಧಿ ಯೋಳ್ಕೊಟ್ಟೋರು ಯಾರಣ್ಣ?"

ಮಮತ ಗಾಜು ಒರೆಸತೊಡಗಿದಳು.

"ಫೋನ್ ಯಾವಾಗ ಬತ್ತದೆ ಅಂತ ದಿನಾ ಕೇಳ್ತಾವ್ರೆ. ಬರಾಕಿಲ್ಲ ಅಂತ ನೀನೇ ಯೋಳ್ಬುಟ್ಟು ಓಗು. ಮನೆಮನೆಗೆ ಓಗಿ ಯೋಳಕ್ಕೆ ನಂಗೆ ಕಾಲಿಲ್ಲ."

ಸೋಮವಾರ ಅವನು ಜನಸಂಖ್ಯೆಯ ಫೈಲು ತೆಗೆದು ಬೋರೆಕೊಪ್ಪಲಿನ ಮುಂದಿದ್ದ ಅಂಕಿಗೆ ಒಂದು ಸೊನ್ನೆ ಸೇರಿಸಿದ. ನಾನೂರ ಹನ್ನೆರಡು ಇದ್ದದ್ದು ನಾಲ್ಕು ಸಾವಿರದ ನೂರ ಇಪ್ಪತ್ತಾಯಿತು. ಪ್ರೋಗ್ರಾಮು ಎಂದಿನಂತೆ ಅಲೆದಾಡಿತು. ಅವನು ಕೆಳಗಿಳಿದು ಟೀ ಕುಡಿದ, ಬೇಡವಾಗಿದ್ದರೂ ಇನ್ನೊಂದು ಕುಡಿದ. ಮೇಲೆ ಬಂದಾಗ ಮೂರನೇ ಟವರು ಕರಿಕಲ್ಲುಗುಡ್ಡ ಬಿಟ್ಟು ಬೋರೆಕೊಪ್ಪಲಿನ ದಿಣ್ಣೆಯ ಮೇಲೆ ನಿಂತಿತ್ತು. ಜರುಗಿಸಿದ್ದು ತಾನಲ್ಲವಲ್ಲ ಎಂದುಕೊಂಡ. ಪ್ರಿಂಟು ತೆಗೆದು, ಸಹಿ ಹಾಕಿ ಬೆಂಗಳೂರಿಗೆ ಕಳಿಸಿದ.

ಟವರು ಕಟ್ಟುವವರಿಗೆ ದಿಣ್ಣೆಯ ಜಾಗ ತೋರಿಸಲು ತಿಮ್ಮೇಶ ಜೀಪಿನಲ್ಲಿ ಹೊರಟ ದಿನ ಕುಳ್ಳಯ್ಯ ಪಾಂಡವಪುರ ದಾಟಿದ ಮೇಲೆ ರಸ್ತೆ ನೋಡುತ್ತಲೇ ಕೇಳಿದ.

"ನಮ್ಮ ಗುಡ್ಡ ಯಾಕ್ಸಾ ಬ್ಯಾಡ್ವಂತೆ?"

"ಕಂಪ್ಯೂಟರು ಹಂಗೆ ಹೇಳ್ತು ಕುಳ್ಳಯ್ಯ."

ಕುಳ್ಳಯ್ಯ ಗೇರು ಬದಲಿಸಿದ. "ಅಂಗಾರೆ ಸರಿ ಬುಡಿ. ಮನ್ಸ ಆಗಿದ್ರೆ ತನ್ನೂರ್ಗೆ ಆಕ್ಕಂತಿದ್ದ. ಅದ್ಕೇನು, ನಮ್ಮೂರು ಗೊತ್ತಾ, ನಿಮ್ಮೂರು ಗೊತ್ತಾ?"

ತಿಮ್ಮೇಶ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡಿದ.

ಬೇಸಿಗೆಯ ಹೊತ್ತಿಗೆ ಟವರು ಎದ್ದಿತು. ಮಮತ ಮೊದಲ ಫೋನು ಮಾಡಿದ್ದು ಅಣ್ಣನ ಆಫೀಸಿಗೆ. ಕೇಳಿಸ್ತದಾ ಅಂದಳು, ಕೇಳಿಸ್ತದೆ ಅಂದ. ಇನ್ನೊಮ್ಮೆ ಕೇಳಿದಳು. ಕೆಳಗೆ ಕುಳ್ಳಯ್ಯ ಜೀಪಿನ ಗಾಜು ತೊಳೆಯುತ್ತಿದ್ದ. ಹರಳಕಟ್ಟೆಯೂ ಸೇರಿ, ಕರಿಕಲ್ಲುಗುಡ್ಡದ ಸುತ್ತ ಫೋನು ತಪ್ಪಿದ ಊರು ಹನ್ನೊಂದು.