ದೇವರಲ್ಲ ಕಣ್ರಮ್ಮ

ಲೋಟದಲ್ಲಿ ಕಾಫಿಯ ನೊರೆ ನಡುಗುತ್ತಿದೆ, ತಟ್ಟೆ ಹಿಡಿದಿರುವುದು ತನ್ನದೇ ಕೈ, ಹೆಣ್ಣು ನೋಡಲು ಬಂದವರ ಮುಂದೆ ಯಾವ ಹುಡುಗಿಯ ಕೈ ತಾನೇ ನಡುಗುವುದಿಲ್ಲ, ಇದು ಹೆದರಿಕೆ, ಬರೀ ಹೆದರಿಕೆ ಎಂದುಕೊಂಡಳು ವಸಂತ, ಅಡುಗೆಮನೆಯ ಬಾಗಿಲಲ್ಲೇ ನಿಂತು — ತಾತನಿಗೂ ಶುರುವಾದದ್ದು ಹೀಗೆ ಲೋಟ ನಡುಗುವುದರಿಂದಲೇ ಅಲ್ಲವೇ, ಹೆಂಡ ಮುಟ್ಟದ ಮುದುಕನನ್ನು ಮಂಡಕಳ್ಳಿ ಊರೆಲ್ಲ ಕುಡುಕ ಎಂದಿತು, ಸ್ವಾತಂತ್ರ್ಯ ಬಂದ ವರ್ಷ ತೂರಾಡುತ್ತಲೇ ಹೋಗಿಬಿಟ್ಟ, ಆಮೇಲೆ ಅಮ್ಮ. ಔಷಧಿ ಇಲ್ಲಮ್ಮ, ಮಿದುಳಿನ ನರ ಸವೆದುಹೋಗುತ್ತೆ, ವಂಶದಲ್ಲಿ ಬರೋದು, ಮಕ್ಕಳಿಗೂ ಬಂದರೆ ಬರಬಹುದು ಅಂದರು ಡಾಕ್ಟರು, ಅಮ್ಮ ಮನೆಗೆ ಬಂದವಳೇ ಗೋಡೆಗೆ ಬೆನ್ನು ಕೊಟ್ಟು ಕೂತು ಮುದ್ದೆ ತಿರುವಿದಳು, ಕೈ ಕುಣಿಯೋಕೆ ಹೊರಟ್ರೆ ಕುಣೀಲಿ ಬುಡು, ಕೂಲಿ ಕೇಳಲ್ವಲ್ಲ ಎಂದಳು, ಆ ಮುದ್ದೆಯಲ್ಲಿ ಒಂದು ಗಂಟಿರಲಿಲ್ಲ, ಎಂಥ ಹೆಂಗಸು. ಆಷಾಢದ ಶುಕ್ರವಾರ ಬೆಟ್ಟದ ಮೆಟ್ಟಿಲ ಮೇಲೆ ಅವಳ ತೋಳು ತಾನಾಗಿಯೇ ಎದ್ದು ಬೀಸಿದಾಗ ಹೆಂಗಸರೆಲ್ಲ ಚಾಮುಂಡಿ ಮೈಮೇಲೆ ಬಂದಳೆಂದು ಕಾಲಿಗೆ ಬಿದ್ದರು, ಅಲ್ಲ ಕಣ್ರಮ್ಮ ಅಂದರೂ ಯಾರು ಕೇಳಬೇಕು, ಸುದ್ದಿ ಜಯಲಕ್ಷ್ಮಿಪುರಂ ಮುಟ್ಟಿತು, ಅಲ್ಲಿಂದಲೇ ಈ ಸಂಬಂಧವೂ ಅದರ ಬೆನ್ನಿಗೇ ಬಂತು. ಹಂಗೇ ಅಂದ್ಕೊಳ್ಲಿ ಬುಡು, ದೇವರು ಬರೋ ಮನೆ ಅಂದ್ರೆ ಹೆಣ್ಣಿಗೆ ಮರ್ಯಾದೆ, ಕಾಯಿಲೆ ಮನೆ ಅಂದ್ರೆ ಯಾರು ಬಂದಾರು ಎಂದು ಈಗಷ್ಟೇ ಒಲೆಯ ಪಕ್ಕದಿಂದ ಪಿಸುಗುಟ್ಟಿದಳು ಸೋದರತ್ತೆ ಸುಂದರಮ್ಮ, ವಸಂತಳೂ ಹೂಂ ಅಂದಳು, ಅಂದೇಬಿಟ್ಟಳು, ಯಾಕೆಂದರೆ ಚಾಪೆಯ ಮೇಲೆ ಕೂತ ಹುಡುಗ, ಆ ಮೇಷ್ಟ್ರು ರುದ್ರಸ್ವಾಮಿ, ಈಗ ತಾನೇ ತಲೆಯೆತ್ತಿ ನಕ್ಕ, ಅವನೇ ಬೇಕು, ಅವನೇ.

ಅವನ ತಾಯಿ ಭಾಗ್ಯಮ್ಮ ಕೈಚೀಲದಿಂದ ತೆಂಗಿನಕಾಯಿ ತೆಗೆದು ಅಮ್ಮನ ಮುಂದಿಟ್ಟು ಕೈ ಮುಗಿಯುತ್ತಿದ್ದಾಳೆ, ತಾಯಿ, ನನ್ನ ಮಗನಿಗೆ ಈ ಹೆಣ್ಣು ಕೂಡಿಬರ್ತಾಳಾ, ನೀನೇ ಹೇಳವ್ವ — ಹೂಂ ಅನ್ನಮ್ಮ, ಒಂದೇ ಒಂದು ಹೂಂ, ಮದುವೆ ಆದಂತೆಯೇ ಎಂದು ವಸಂತ ಬಾಗಿಲಲ್ಲೇ ಮನಸ್ಸಿನಲ್ಲಿ ಬೇಡಿದಳು. ಅಮ್ಮ ಸೆರಗಿನಡಿ ಅದುಮಿಟ್ಟಿದ್ದ ಬಲಗೈಯನ್ನು ಹೊರಗೆ ತೆಗೆದಳು, ಅದು ಎಲ್ಲರೆದುರೇ ಕುಣಿಯಿತು, ದೇವರಲ್ಲ ಕಣ್ರಮ್ಮ, ಕಾಯಿಲೆ, ನಮ್ಮಪ್ಪಂಗಿತ್ತು, ನಂಗೈತೆ, ನನ್ನ ಮಗಳಿಗೂ ಬಂದ್ರೂ ಬರಬೋದು, ತಿಳ್ಕೊಂಡು ಮಾತಾಡಿ ಎಂದಳು. ಹಾಳಾಗಿ ಹೋಗಲಿ ನಿನ್ನ ಸತ್ಯ, ಆದರೂ — ದೇವಿಯಾಗಿ ಕೂತು ಪೂಜೆ ಮಾಡಿಸಿಕೊಳ್ಳಬಹುದಾಗಿದ್ದವಳು, ಇವರ ಮನೆಗೂ ಮೋಸವಾಗಬಾರದು ಅಂತ ಬರೀ ಹೆಂಗಸಾಗಿ ಕೂತಿದ್ದಾಳಲ್ಲ, ಬೆನ್ನು ನೆಟ್ಟಗಿಟ್ಟುಕೊಂಡು, ಇವಳ ಮಗಳು ತಾನು, ಅಷ್ಟು ಸಾಕು. ಭಾಗ್ಯಮ್ಮ ಕಾಯಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಳೆ, ಮೇಷ್ಟ್ರು ನೆಲ ನೋಡುತ್ತಿದ್ದಾರೆ. ವಸಂತ ನಡೆದುಹೋಗಿ ಅಮ್ಮನ ಪಕ್ಕ ಕೂತಳು, ಮೊದಲ ಲೋಟವನ್ನು ಅವಳಿಗೇ ಕೊಟ್ಟಳು, ಚೆಲ್ಲದಿರಲೆಂದು ಆ ಕೈಯ ಮೇಲೆ ತನ್ನ ಕೈ ಇಟ್ಟಳು, ನೊರೆ ನಡುಗುತ್ತಿದೆ, ಅಮ್ಮನ ಕೈಯಿಂದಲೋ, ತನ್ನ ಕೈಯಿಂದಲೋ, ಬಿಡಲಿಲ್ಲ, ನೊರೆ ನಡುಗುತ್ತಿದೆ, ನೊರೆ —